1994ರಲ್ಲೇ ಟಚ್ ಫೋನ್ ಇತ್ತಲ್ಲ, ಮತ್ತೆ 2007ರವರೆಗೆ ಅಡ್ಡಿಯಾಗಿದ್ದೇನು?

ತರೀಕೆರೆ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಸರ್, ಸ್ಮಾರ್ಟ್‌ಫೋನ್ ಕಂಡುಹಿಡಿದಿದ್ದು ಆಪಲ್‌ನವರಾ?" ಅಂತ ಕೇಳಿದಳು. ಹುಡುಕಿ ಓದಿದರೆ, ಐಬಿಎಂನ ಸೈಮನ್ ಅನ್ನೋ ಫೋನ್ 1994ರಲ್ಲೇ ಅಮೆರಿಕದಲ್ಲಿ ಮಾರಾಟವಾಗಿದೆ. ಮುಟ್ಟುವ ಪರದೆ, ಇಮೇಲ್, ಫ್ಯಾಕ್ಸ್, ಕ್ಯಾಲೆಂಡರ್ ಎಲ್ಲ ಇತ್ತಂತೆ. ಐಫೋನ್ ಬಂದಿದ್ದು 2007ರಲ್ಲಿ. ನಡುವಿನ ಹದಿಮೂರು ವರ್ಷ ಏನಾಯ್ತು? "ಆಗ ತಂತ್ರಜ್ಞಾನ ಬೆಳೆದಿರಲಿಲ್ಲ" ಅಂತ ಹೇಳಿ ಮುಗಿಸೋಕೆ ಮನಸ್ಸಿಲ್ಲ. ಯಾವ ತಂತ್ರಜ್ಞಾನ, ಎಲ್ಲಿ ಸಿಕ್ಕಿಹಾಕಿಕೊಂಡಿತ್ತು? ಬಲ್ಲವರು ತಿಳಿಸಿ.

ನ್ಯೂಜೆರ್ಸಿ ಕನ್ನಡಿಗ:
ಸರ್, ಆ ಹದಿಮೂರು ವರ್ಷ ಖಾಲಿ ಏನೂ ಇರಲಿಲ್ಲ. ಇಲ್ಲಿ ಆಫೀಸುಗಳಲ್ಲಿ ಬ್ಲ್ಯಾಕ್‌ಬೆರಿ ತುಂಬಿಕೊಂಡಿತ್ತು. ಕೆನಡಾದ ವಾಟರ್ಲೂ ಊರಿನ ಕಂಪನಿ ಅದು. 2002ರ 5810 ಮಾಡೆಲ್‌ನಲ್ಲಿ ಮಾತಾಡಬೇಕಾದರೆ ಹೆಡ್‌ಸೆಟ್ ಚುಚ್ಚಲೇಬೇಕಿತ್ತು. ಆದರೂ ಜನ ಕೊಂಡರು, ಇಮೇಲ್ ತಾನಾಗೇ ಜೇಬಿಗೆ ಬರ್ತಿತ್ತಲ್ಲ, ಅದಕ್ಕೆ. ನಾನು 2003ರ ಟ್ರಿಯೋ 600 ಬಳಸಿದವನು. ಟಚ್ ಪರದೆಯ ಕೆಳಗೆ ಪುಟ್ಟ ಕೀಬೋರ್ಡ್, ಒಳಗೆ ಪಾಮ್ ಓಎಸ್ (ಓಎಸ್ ಅಂದರೆ ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್). ಇವೆಲ್ಲ ಕೆಲಸಕ್ಕೆ ಹೋಗುವವರ ಫೋನುಗಳು. ಮನೆಮಂದಿಗೆ ಅಂತ ಮಾಡಿದವಲ್ಲ.

ಹಳೇ ಸಿಂಬಿಯನ್:
ಮೇಷ್ಟ್ರೇ, ನನ್ನ ವೃತ್ತಿಯ ಅರ್ಧ ಭಾಗ ಹೋಗಿದ್ದು ನೀವು ಕೇಳುತ್ತಿರುವ ಆ ವರ್ಷಗಳಲ್ಲೇ. 2003ರಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತು ಸಿಂಬಿಯನ್ ಅನ್ನೋ ಓಎಸ್ ಇದ್ದ ಫೋನುಗಳಿಗೆ ಕೋಡ್ ಬರೆದವನು ನಾನು. ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಸೈಮನ್. ತೂಕ ಅರ್ಧ ಕೆಜಿ, ಮಾತಾಡಿದರೆ ಬ್ಯಾಟರಿ ಒಂದು ಗಂಟೆ. ಎರಡು ವರ್ಷ ಅದೇ ಕಂಪನಿಯ ಸೇವೆ ಪಡೆಯುವ ಕಾಂಟ್ರಾಕ್ಟ್ ಮಾಡಿಕೊಂಡರೂ 899 ಡಾಲರ್. ಬೆಲ್‌ಸೌತ್ ಕಂಪನಿ ಸುಮಾರು ಆರು ತಿಂಗಳು ಮಾರಿತು, 50,000ದಷ್ಟು ಹೋದವು. ಮೊದಲ ತಡೆ ಇದ್ದದ್ದು ಜಾಲದಲ್ಲಿ. ಅದು ನಡೆಯುತ್ತಿದ್ದ ಮೊಬೈಲ್ ಜಾಲ ಅನಲಾಗ್, ಬರೀ ಮಾತಿಗಾಗಿ ಕಟ್ಟಿದ್ದು. ಇಮೇಲ್ ನೋಡಬೇಕಾದರೆ ಫೋನೇ ಮೋಡೆಮ್ ಥರ ಡಯಲ್ ಮಾಡಬೇಕು, ಮೀಟರ್ ಓಡ್ತಾ ಇರುತ್ತೆ. 1996ರಲ್ಲಿ ನೋಕಿಯಾ 9000 ಕಮ್ಯುನಿಕೇಟರ್ ಬಂತು. ಒಳಗೆ ಇಂಟೆಲ್ 386 ಚಿಪ್, ತೂಕ 397 ಗ್ರಾಂ. ಜಾಲ ಡಿಜಿಟಲ್ ಆಯ್ತು, ಆದರೆ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಮಕ್ಕಳಿಗೆ ಲೆಕ್ಕ ಹಾಕಿಸಿ: 100 ಕಿಲೋಬೈಟ್‌ನ ಒಂದು ಫೋಟೋ ಇಳಿಯೋಕೆ ಸುಮಾರು ಒಂದೂವರೆ ನಿಮಿಷ. 2000ದ ನಂತರ ಜಿಪಿಆರ್‌ಎಸ್ ಬಂದ ಮೇಲೇ, ಲೈನ್ ಹಿಡಿದಿಡದೆ ಬೇಕಾದಾಗಷ್ಟೇ ಡೇಟಾ ತರಿಸೋದು ಸಾಧ್ಯವಾಗಿದ್ದು.

ಎರಡನೇದು ಮೆಮೊರಿ. ಇದು ನನಗೆ ತುಂಬ ಹತ್ತಿರದ ವಿಷಯ. ಸಿಂಬಿಯನ್ ಕಂಪನಿ ಹುಟ್ಟಿದ್ದು 1998ರಲ್ಲಿ, ಲಂಡನ್ನಿನಲ್ಲಿ. ಸೈಯಾನ್, ನೋಕಿಯಾ, ಎರಿಕ್ಸನ್, ಮೊಟೊರೋಲಾ ಸೇರಿ ಕಟ್ಟಿದ್ದು. ಅದರ ಮೂಲ, ಸೈಯಾನ್‌ನವರು ಪೆನ್ಸಿಲ್ ಸೆಲ್‌ನಲ್ಲಿ ಓಡುವ ಪುಟ್ಟ ಕಂಪ್ಯೂಟರುಗಳಿಗೆ ಬರೆದ ಎಪಾಕ್ ಅನ್ನೋ ಓಎಸ್. ಅದರಲ್ಲಿ ಒಂದು ಬೈಟ್ ಕೂಡ ಪೋಲಾಗುವಂತಿರಲಿಲ್ಲ. 2002ರ ನೋಕಿಯಾ 7650ರಲ್ಲಿ ಪ್ರೊಸೆಸರ್ 104 ಮೆಗಾಹರ್ಟ್ಸ್. ಫೋಟೋ, ಆ್ಯಪ್, ಮೆಸೇಜ್ ಎಲ್ಲಕ್ಕೂ ಸೇರಿ ಬಳಕೆದಾರನಿಗೆ ಸಿಗ್ತಿದ್ದ ಜಾಗ 3.6 ಎಂಬಿ. ಮೆಮೊರಿ ಕಾರ್ಡ್ ಹಾಕೋ ಹಾಗೂ ಇರಲಿಲ್ಲ. ನಾವು ಮೆಮೊರಿ ಕೇಳುವ ಪ್ರತಿ ಸಾಲು ಬರೆಯುವಾಗಲೂ "ಇಲ್ಲೇ ಮೆಮೊರಿ ಮುಗಿದುಹೋದರೆ?" ಅಂತ ಕೇಳಿಕೊಳ್ಳಬೇಕಿತ್ತು. ಅರ್ಧಕ್ಕೆ ನಿಂತರೂ ಹಿಡಿದದ್ದನ್ನೆಲ್ಲ ವಾಪಸ್ ಕೊಡೋಕೆ ಕ್ಲೀನಪ್ ಸ್ಟ್ಯಾಕ್ ಅಂತ ಒಂದು ವ್ಯವಸ್ಥೆ. ಅಕ್ಷರಗಳ ಸಾಲು ಇಡೋಕೂ ಡಿಸ್ಕ್ರಿಪ್ಟರ್ ಅಂತ ಬೇರೆಯದೇ ಕ್ರಮ. ಹೊಸದಾಗಿ ಸೇರಿದ ಹುಡುಗರಿಗೆ ಇದು ಕೈಗೆ ಹತ್ತೋಕೆ ತಿಂಗಳುಗಟ್ಟಲೆ ಬೇಕಾಗ್ತಿತ್ತು. ಫೋನು ವಾರಗಟ್ಟಲೆ ಆಫ್ ಆಗದೆ, ಹ್ಯಾಂಗ್ ಆಗದೆ ಓಡ್ತಿತ್ತು ಅಂದರೆ ಈ ಶಿಸ್ತಿನಿಂದಲೇ. ಮೆಮೊರಿ ಅಗ್ಗವಾದ ಮೇಲೆ ಅದೇ ಶಿಸ್ತು ಕಾಲಿಗೆ ತೊಡರಿತು. ಬೇರೆಯವರು ಒಂದು ವಾರದಲ್ಲಿ ಬರೆಯುವ ಆ್ಯಪ್ ನಮ್ಮಲ್ಲಿ ಒಂದು ತಿಂಗಳು ಹಿಡೀತಿತ್ತು.

ಮೂರನೇದು ಪರದೆ. ಇದನ್ನು ನೀವು ಕ್ಲಾಸಿನಲ್ಲೇ ತೋರಿಸಬಹುದು. ಹಳೆಯ ಟಚ್ ಪರದೆ ರೆಸಿಸ್ಟಿವ್. ಎರಡು ತೆಳು ಪದರ, ನಡುವೆ ಕಿರಿದಾದ ಅಂತರ. ಒತ್ತಿದಾಗ ಎರಡೂ ತಾಗಿ ವಿದ್ಯುತ್ ಹರಿಯುತ್ತೆ. ಉಗುರು, ಕಡ್ಡಿ, ಪೆನ್ಸಿಲ್ ಯಾವುದಾದರೂ ನಡೆಯುತ್ತೆ, ಆದರೆ ಒತ್ತಲೇಬೇಕು. ಎರಡು ಬೆರಳಿಟ್ಟರೆ ಅದಕ್ಕೆ ಗೊಂದಲ. ಕೆಪಾಸಿಟಿವ್ ಪರದೆಗೆ ಒತ್ತಡ ಬೇಡ. ಬೆರಳು ಹತ್ತಿರ ಬಂದಾಗ ಆಗುವ ವಿದ್ಯುದಾವೇಶದ ಬದಲಾವಣೆಯನ್ನೇ ಅದು ಅಳೆಯುತ್ತೆ. 2007ರಲ್ಲಿ ಎಲ್‌ಜಿ ಪ್ರಾಡಾ, ಐಫೋನ್ ಎರಡೂ ಇದನ್ನು ತಂದವು. ಒಂದೇ ಸಲಕ್ಕೆ ಹಲವು ಬೆರಳುಗಳನ್ನು ಗುರುತಿಸುವ ಕೆಲಸ ಮಾಡುತ್ತಿದ್ದ ಫಿಂಗರ್‌ವರ್ಕ್ಸ್ ಅನ್ನೋ ಚಿಕ್ಕ ಕಂಪನಿಯನ್ನು ಆಪಲ್ 2005ರಲ್ಲೇ ಕೊಂಡುಕೊಂಡಿತ್ತು.

ಆದರೆ ಬಿಡಿಭಾಗಗಳಷ್ಟೇ ಕಾರಣ ಅನ್ನೋದನ್ನು ನಾನು ಒಪ್ಪೋದಿಲ್ಲ. ಅದೇ 2007ರ ನೋಕಿಯಾ ಎನ್95 ನೋಡಿ. 5 ಮೆಗಾಪಿಕ್ಸೆಲ್ ಕ್ಯಾಮೆರಾ, ಜಿಪಿಎಸ್, ವೈಫೈ, 3ಜಿ. ಮೊದಲ ಐಫೋನಿನಲ್ಲಿ 3ಜಿ ಇಲ್ಲ, ಜಿಪಿಎಸ್ ಇಲ್ಲ, ಕ್ಯಾಮೆರಾ 2 ಮೆಗಾಪಿಕ್ಸೆಲ್. ಎರಡರ ಬ್ರೌಸರ್‌ನ ಬುನಾದಿಯೂ ಒಂದೇ, ವೆಬ್‌ಕಿಟ್! ನಾವು ಸೋತಿದ್ದು ಬೇರೆ ಕಡೆ. ಸಿಂಬಿಯನ್ ಅಂದರೆ ಒಂದೇ ಫೋನ್ ಅಲ್ಲ. ಅದರ ಮೇಲೆ ಕಾಣುವ ಪರದೆ-ಮೆನುಗಳ ಪದರ ಒಬ್ಬೊಬ್ಬರದು ಒಂದೊಂದು: ನೋಕಿಯಾದ್ದು ಎಸ್60, ಸೋನಿ ಎರಿಕ್ಸನ್‌ದು ಯುಐಕ್ಯೂ, ಜಪಾನಿನದು ಮತ್ತೊಂದು. ಒಂದಕ್ಕೆ ಬರೆದ ಆ್ಯಪ್ ಇನ್ನೊಂದರಲ್ಲಿ ಓಡೋದಿಲ್ಲ. ಮೂರನೇ ಆವೃತ್ತಿಯ ಎಸ್60 ಬಂದಾಗ ಹಿಂದಿನ ಆ್ಯಪ್‌ಗಳೂ ಓಡಲಿಲ್ಲ, ಎಲ್ಲವನ್ನೂ ಮತ್ತೆ ಕಟ್ಟಬೇಕಾಯ್ತು. ಫೋನಿನ ಮುಖ್ಯ ಸೌಲಭ್ಯಗಳನ್ನು ಮುಟ್ಟಬೇಕಾದರೆ ಸಿಂಬಿಯನ್ ಸೈನ್ಡ್ ಪ್ರಮಾಣಪತ್ರ, ಪರೀಕ್ಷೆಗೆ ದುಡ್ಡು. ಇಷ್ಟೆಲ್ಲ ದಾಟಿದ ಮೇಲೂ ಆ್ಯಪ್ ಹೆಚ್ಚು ಜನರಿಗೆ ತಲುಪೋಕೆ ಎಷ್ಟೋ ಸಲ ಆಪರೇಟರ್ (ಮೊಬೈಲ್ ಸೇವೆ ಕೊಡುವ ಕಂಪನಿ) ಒಪ್ಪಬೇಕಿತ್ತು. ಯುರೋಪಿನ ಒಂದು ಆಪರೇಟರ್‌ಗೆ ನಾವು ಮಾಡಿಕೊಟ್ಟ ಒಳ್ಳೆಯ ಮೆಸೇಜಿಂಗ್ ಆ್ಯಪ್ ಹೊರಗೇ ಬರಲಿಲ್ಲ, ಎಸ್‌ಎಂಎಸ್ ಆದಾಯಕ್ಕೆ ಪೆಟ್ಟು ಬೀಳುತ್ತೆ ಅಂತ.

ದಾರಿ ಬಿಟ್ಟುಕೊಟ್ಟರೆ ಏನಾಗುತ್ತೆ ಅನ್ನೋದನ್ನು ಜಪಾನ್ ಎಲ್ಲರಿಗಿಂತ ಮೊದಲೇ ತೋರಿಸಿತ್ತು. 1999ರ ಫೆಬ್ರವರಿಯಲ್ಲಿ ಅಲ್ಲಿನ ಡೊಕೊಮೊ ಅನ್ನೋ ಮೊಬೈಲ್ ಕಂಪನಿಯ ಐ-ಮೋಡ್, ಅಂದರೆ ಫೋನಿನಲ್ಲೇ ಇಂಟರ್ನೆಟ್ ಕೊಡುವ ಸೇವೆ, ಶುರುವಾಯ್ತು. ಸೇವೆ ಮಾಡಿದವನ ಪರವಾಗಿ ಫೋನ್ ಬಿಲ್‌ನಲ್ಲೇ ದುಡ್ಡು ವಸೂಲಿ ಮಾಡಿ, ಶೇ. 9 ಇಟ್ಟುಕೊಂಡು ಉಳಿದದ್ದನ್ನು ಅವನಿಗೇ ಕೊಟ್ಟರು. ಸುಮಾರು ಎರಡೇ ವರ್ಷದಲ್ಲಿ ಚಂದಾದಾರರು ಎರಡು ಕೋಟಿ. 2008ರ ಜುಲೈನಲ್ಲಿ ಆಪ್ ಸ್ಟೋರ್ ತೆರೆದಾಗ ಆಪಲ್ ಶೇ. 30 ಇಟ್ಟುಕೊಂಡು 70 ಕೊಟ್ಟಿತು. ಮೊದಲ ವಾರಾಂತ್ಯಕ್ಕೇ ಒಂದು ಕೋಟಿ ಡೌನ್‌ಲೋಡ್. ಮಕ್ಕಳಿಗೆ ನಾನು ಹೇಳೋದಾದರೆ 2007ಕ್ಕಿಂತ 2008 ದೊಡ್ಡ ವರ್ಷ. ಅಕ್ಟೋಬರ್‌ನಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಟಿ-ಮೊಬೈಲ್ ಜಿ1 ಬಂದಿದ್ದೂ ಅದೇ ವರ್ಷ.

ತರೀಕೆರೆ ಮೇಷ್ಟ್ರು:
ಎಷ್ಟು ವಿವರವಾಗಿ ಬರೆದಿದ್ದೀರಿ ಸರ್, ಧನ್ಯವಾದ. ಇನ್ನೊಂದು ಪ್ರಶ್ನೆ. ನಮ್ಮ ಕಡೆ ಇದು ಇಷ್ಟು ತಡವಾಗಿ ಬಂದಿದ್ದು ಬೆಲೆಯಿಂದಲೇನಾ?

ಕೊಪ್ಪಿಕರ್ ರೋಡ್:
ಮಾಸ್ತರ್ರ, ಹುಬ್ಬಳ್ಳಿಯೊಳಗ ನಂದು ಮೊಬೈಲ್ ಅಂಗಡಿ ಐತ್ರಿ, ನೋಕಿಯಾ 6600 ಕಾಲದಿಂದ. ಬೆಲೆ ಅಂತೂ ಖರೇನ. 2008ರ ಆಗಸ್ಟ್ 22ಕ್ಕ ಐಫೋನ್ 3ಜಿ ಇಲ್ಲಿಗೆ ಬಂತು, 8 ಜಿಬಿದ್ದು 31,000 ರೂಪಾಯಿ. ಅಮೆರಿಕಾದಾಗ ಕಾಂಟ್ರಾಕ್ಟ್ ಮ್ಯಾಲೆ 199 ಡಾಲರ್, ಅಂದ್ರ ಆವಾಗಿನ ಲೆಕ್ಕದಾಗ ಒಂಬತ್ತು ಸಾವಿರದೊಳಗ. ನಮ್ಮಲ್ಲಿ ಆವಾಗ ಅಂಥ ಕಾಂಟ್ರಾಕ್ಟ್ ಪದ್ಧತಿನ ಇರಲಿಲ್ಲ, ಬಹಳ ಮಂದಿ ಪ್ರೀಪೇಡ್. ಮತ್ತ 3ಜಿ ಫೋನ್ ತಗೊಂಡ್ರೂ ಇಲ್ಲೆ 3ಜಿ ಎಲ್ಲಿತ್ತ್ರಿ? ಖಾಸಗಿ ಕಂಪನಿಗಳಿಗೆ ಹರಾಜು ಆಗಿದ್ದ 2010ರಾಗ. ನಮ್ಮ ಗಿರಾಕಿಗೋಳು ಎರಡು ಸಿಮ್ ಕೇಳ್ತಿದ್ರು, ದೊಡ್ಡ ಬ್ಯಾಟರಿ ಕೇಳ್ತಿದ್ರು, ಮೆಮೊರಿ ಕಾರ್ಡಿಗೆ ಹಾಡು ತುಂಬಿಸ್ಕೊಂಡು ಹೋಗ್ತಿದ್ರು. ಅದನ್ನ ಮೈಕ್ರೋಮ್ಯಾಕ್ಸ್, ಕಾರ್ಬನ್‌ನವರು ಚಲೋ ತಿಳ್ಕೊಂಡ್ರು. 2011ರಾಗ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ ಎಂಟು ಸಾವಿರದ ಆಸುಪಾಸು ಬಂದಾಗ ಕಾಲೇಜ್ ಹುಡುಗ್ರು ಮುಗಿಬಿದ್ರು ನೋಡ್ರಿ. ಆದ್ರ ಕನ್ನಡ ಪೇಪರ್ ತಗದ್ರ ಬರೇ ಚೌಕ ಡಬ್ಬಿ ಕಾಣ್ತಿದ್ವು. ಹಿರಿಯರು ಫೋನ್ ವಾಪಸ್ ತರ್ತಿದ್ರು.

ಹಳೇ ಸಿಂಬಿಯನ್:
ಅಣ್ಣಾ, ಆ ಡಬ್ಬಿಗಳ ವಿಷಯ ತೆಗೆದದ್ದು ಒಳ್ಳೇದಾಯ್ತು. ಬೆಲೆಯಷ್ಟೇ ದೊಡ್ಡ ತಡೆ ಅದು. ಕನ್ನಡಕ್ಕೆ ಫಾಂಟ್ ಒಂದಿದ್ದರೆ ಸಾಲದು. ಒತ್ತಕ್ಷರ ಕೆಳಗೆ ಕೂರಬೇಕು, ಗುಣಿತ ಪಕ್ಕಕ್ಕೆ ಸೇರಬೇಕು, ಅದನ್ನು ಜೋಡಿಸುವ ಕೋಡ್ ಓಎಸ್ ಒಳಗೇ ಇರಬೇಕು. ಅದಿಲ್ಲದ ಫೋನುಗಳಲ್ಲಿ ಒಪೆರಾ ಮಿನಿ ಅನ್ನೋ ಬ್ರೌಸರ್ ನಮ್ಮನ್ನು ಕಾಪಾಡಿತು. ವಿಳಾಸದ ಜಾಗದಲ್ಲಿ opera:config ಅಂತ ಹೊಡೆದು ಕೊನೆಯ ಆಯ್ಕೆಗಳಲ್ಲಿ ಬಿಟ್‌ಮ್ಯಾಪ್ ಫಾಂಟ್ ಆನ್ ಮಾಡಿದರೆ, ಅವರ ಸರ್ವರ್ ಅಕ್ಷರಗಳನ್ನು ಚಿತ್ರವಾಗಿ ಬರೆದು ಕಳಿಸ್ತಿತ್ತು. ಆಂಡ್ರಾಯ್ಡ್‌ನಲ್ಲಿ ಕನ್ನಡ, ತೆಲುಗು, ಮಲಯಾಳಂ ಸರಿಯಾಗಿ ಬಂದಿದ್ದು 2012ರ 4.1 ಆವೃತ್ತಿಯಲ್ಲಿ. ನನ್ನ ಅಮ್ಮ ಫೋನಿನಲ್ಲಿ ಪೇಪರ್ ಓದೋಕೆ ಶುರುಮಾಡಿದ್ದೂ ಅದಾದ ಮೇಲೇ.

ಕೊಪ್ಪಿಕರ್ ರೋಡ್:
ಖರೇ ಐತ್ರಿ. ಮಾಸ್ತರ್ರ, ಆ ಎರಡು ನಮೂನಿ ಪರದೆ ಮಕ್ಕಳಿಗೆ ತೋರಿಸಬೇಕಂದ್ರ ನನ್ನ ಹತ್ರ ಒಂದು ನೋಕಿಯಾ 5800 ಚಾಲೂ ಐತಿ. ಅದು ರೆಸಿಸ್ಟಿವ್, ಪೆನ್ಸಿಲ್‌ಲೆ ಒತ್ತಿದ್ರೂ ನಡೀತದ. ಪಾರ್ಸಲ್ ಹಾಕ್ತೀನಿ, ಶಾಲಿ ವಿಳಾಸ ಮೆಸೇಜ್ ಮಾಡ್ರಿ.