ಅಪ್‌ಡೇಟ್: ಅಪ್ಪನ ಹೊಟ್ಟೆ ಉರಿಗೆ ಕಾರಣ ಎಚ್. ಪೈಲೋರಿ

ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿದ ಕೂಡಲೇ ಅಪ್ಪನಿಗೆ ಮತ್ತೆ ಹೊಟ್ಟೆ ಉರಿ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆ. ಎಚ್. ಪೈಲೋರಿ (ಜಠರದಲ್ಲಿ ಸೇರಿಕೊಳ್ಳುವ ಒಂದು ಬ್ಯಾಕ್ಟೀರಿಯಾ) ಟೆಸ್ಟ್ ಮಾಡಿಸಿ ಅಂದವರ ಮಾತೇ ನಿಜವಾಯಿತು. ಮಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಡಾಕ್ಟರು ಟೆಸ್ಟ್‌ಗೆ ಎರಡು ವಾರ ಮುಂಚೆಯೇ ಒಮೆಪ್ರಜೋಲ್ (ಆ ಗ್ಯಾಸ್ಟ್ರಿಕ್ ಮಾತ್ರೆ) ನಿಲ್ಲಿಸಿದ್ದರು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ತೋರಿಸಬಹುದಂತೆ. ಕೆಲವರು ಹೇಳಿದ ಜೀರಿಗೆ ನೀರು, ತಣ್ಣನೆ ಹಾಲು ಆ ಹೊತ್ತಿಗೆ ಹಿತ, ಅಷ್ಟೇ.

14 ದಿನದ ಕೋರ್ಸ್ ಕೊಟ್ಟರು. ಎರಡು ಆಂಟಿಬಯೋಟಿಕ್, ಬಿಸ್ಮತ್ ಅನ್ನೋ ಔಷಧಿ, ಜೊತೆಗೆ ಆಸಿಡ್ ತಗ್ಗಿಸುವ ಮಾತ್ರೆ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನೋಡಿದರೆ ಅಪ್ಪನ ನಾಲಿಗೆ ಪೂರ್ತಿ ಕಪ್ಪು! ಮಲವೂ ಕಪ್ಪು. ಗಾಬರಿಯಿಂದ ಫೋನ್ ಮಾಡಿದೆವು. ಅದು ಬಿಸ್ಮತ್ ಬಣ್ಣ, ಕೋರ್ಸ್ ಮುಗಿದ ಮೇಲೆ ಹೋಗುತ್ತೆ ಅಂದರು. ಮಲ ಅಂಟಂಟಾಗಿ, ತಲೆಸುತ್ತೂ ಬಂದರೆ ಮಾತ್ರ ತಕ್ಷಣ ಬನ್ನಿ, ರಕ್ತ ಹೋಗುತ್ತಿರಬಹುದು ಅಂತಲೂ ಹೇಳಿದರು.

ಆಮೇಲೆ ಓದಿದ್ದು: ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ತರಿಸಿಕೊಂಡರಂತೆ! ಈ ಬ್ಯಾಕ್ಟೀರಿಯಾದ ಶೋಧಕ್ಕೆ 2005ರಲ್ಲಿ ಅವರಿಗೆ ಸಹ ಸಂಶೋಧಕ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು.

ಔಷಧಿ ಮುಗಿದು ನಾಲ್ಕು ವಾರ ಕಳೆದ ಮೇಲೆಯೇ ಮತ್ತೆ ಟೆಸ್ಟ್ ಮಾಡಿಸಬೇಕು. ಅದಕ್ಕೇ ಈ ಅಪ್‌ಡೇಟ್ ತಡ. ನೆಗೆಟಿವ್ ಬಂದಿದೆ. ಖಾರ ಬಿಡಿಸಿ ಅಂದವರೇ, ಅಪ್ಪ ಮೆಣಸಿನಕಾಯಿ ಬಜ್ಜಿಗೆ ಆಗಲೇ ವಾಪಸ್!