ಹಗ್ಗ ಸವೆಯುವುದೋ, ತೇಯುವುದೋ?

ದೂರದ ಸಾಗರಯಾನಕ್ಕೆ ಹಾಯಿದೋಣಿಯನ್ನು ಸಜ್ಜುಗೊಳಿಸುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹಾಯಿ, ಕೂವೆಕಂಬ, ಚುಕ್ಕಾಣಿ, ಲಂಗರು ಎಲ್ಲವೂ ಸುಲಭವಾಗಿ ಒದಗಿದವು. ಬರವಣಿಗೆ ನಿಂತದ್ದು ‘ಚೇಫ್’ (chafe) ಎಂಬ ಪುಟ್ಟ ಇಂಗ್ಲಿಷ್ ಪದದ ಮುಂದೆ.

ಹಗ್ಗವೋ ಹಾಯಿಯೋ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಉಜ್ಜಿಕೊಂಡು ಎಳೆ ಎಳೆಯಾಗಿ ಹರಿಯುವುದಕ್ಕೆ ನಾವಿಕರು ಹೇಳುವ ಮಾತು ಅದು. ಉದಾಹರಣೆಗೆ, ಅಟ್ಲಾಂಟಿಕ್ ಸಾಗರ ದಾಟಿ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್ ದ್ವೀಪಗಳಿಗೆ ಸುಮಾರು 2,700 ನಾಟಿಕಲ್ ಮೈಲಿ. ಸಾಧಾರಣ ಹಾಯಿದೋಣಿಗೆ ಮೂರು ವಾರದ ದಾರಿ. ಬೆನ್ನಿಗೆ ಗಾಳಿ, ಬದಲಾಗದ ದಿಕ್ಕು. ದೋಣಿ ಐದು ಸೆಕೆಂಡಿಗೊಮ್ಮೆ ಹೊಯ್ದಾಡಿದರೂ ದಿನಕ್ಕೆ 17,280 ಸಲ ಹಗ್ಗ ಅದೇ ಅಂಚಿಗೆ ಉಜ್ಜುತ್ತದೆ. ಅದಕ್ಕಾಗಿಯೇ ಹೊರಡುವ ಮೊದಲು ಹಗ್ಗಕ್ಕೆ ಚರ್ಮವನ್ನೋ ಕೊಳವೆಯ ತುಂಡನ್ನೋ ತೊಡಿಸುತ್ತಾರೆ. ಕಂಬದ ತಂತಿಗಳಿಗೆ ತಾಗುವ ಕಡೆ ಹಾಯಿಗೆ ತೇಪೆ ಹೊಲಿಯುತ್ತಾರೆ.

ಮೊದಲು ‘ಸವೆತ’ ಎಂದೇ ಬರೆದಿದ್ದೆ. “ಹಗ್ಗಗಳ ಸವೆತವನ್ನು ಪರೀಕ್ಷಿಸಿ” ಎಂದು ಓದಿದವರು ಹಳೆಯ ಹಗ್ಗಗಳನ್ನಷ್ಟೇ ನೋಡಿಯಾರು ಎಂಬ ಭಯ ಆಮೇಲೆ ಹುಟ್ಟಿತು. ಸವೆತದಲ್ಲಿ ಕಾಲದ ಭಾರವಿದೆ: ಚಪ್ಪಲಿ ಸವೆಯುತ್ತದೆ, ನಾಣ್ಯ ಸವಕಲಾಗುತ್ತದೆ, ಮಣ್ಣಿನ ಸವಕಳಿಗೆ ವರ್ಷಗಳು ಬೇಕು. ಆದರೆ ನಿನ್ನೆ ಕೊಂಡ ಹಗ್ಗವೂ ಚೂಪು ಅಂಚಿನ ಮೇಲೆ ಹಾದರೆ ಒಂದೇ ರಾತ್ರಿಯಲ್ಲಿ ತುಂಡಾಗಬಹುದು. ನಡುಗಡಲಲ್ಲಿ ಈ ವ್ಯತ್ಯಾಸ ಬರಿಯ ಪದದ್ದಲ್ಲ.

‘ಘರ್ಷಣೆ’ ಭೌತಶಾಸ್ತ್ರಕ್ಕೆ ಸರಿ; ಹಗ್ಗಕ್ಕೆ ಆದ ಗಾಯ ಅದರಲ್ಲಿ ಕಾಣುವುದಿಲ್ಲ. ‘ತಿಕ್ಕಾಟ’ ಈಗ ಪೂರ್ತಿ ಜಗಳದ ಪಾಲಾಗಿದೆ. ‘ತರಚು’ ಒಂದೇ ಸಲದ ಪೆಟ್ಟು.

ಉಳಿದದ್ದು ‘ತೇಯು’. ಗಂಧವನ್ನು ತೇಯುತ್ತೇವೆ, ಹಲ್ಲು ತಾನಾಗಿಯೇ ತೇದುಹೋಗುತ್ತದೆ. ಉಜ್ಜುವ ಕೆಲಸ, ಉಜ್ಜಿ ಕಳೆದುಹೋದ ಭಾಗ, ಎರಡೂ ಇದೊಂದೇ ಕ್ರಿಯಾಪದದಲ್ಲಿವೆ. ನನಗೆ ಬೇಕಾದದ್ದು ಇದೇ. ಇದರಿಂದ ನಾಮಪದ ಹೇಗೆ ಮಾಡುವುದು? ‘ತೇಯುವಿಕೆ’ ಪಠ್ಯಪುಸ್ತಕದ ಮಾತಿನಂತೆ ಕೇಳಿಸುತ್ತದೆ. ನೇಯು ‘ನೇಯ್ಗೆ’ ಆಗುವುದಾದರೆ ತೇಯು ‘ತೇಯ್ಗೆ’ ಆಗಬಾರದೇಕೆ? ನೇಯ್ಗೆಯಿಂದ ಆದ ಹಾಯಿಯನ್ನು ತೇಯ್ಗೆ ಬಿಡಿಸಿಹಾಕುತ್ತದೆ. ಈ ಜೋಡಿ ನನಗಂತೂ ಬಹಳ ಹಿಡಿಸಿದೆ. ಚರ್ಮದ ಹೊದಿಕೆಗೆ ‘ತೇಯ್ತಡೆ’ ಎನ್ನಬಹುದೆಂದು ತೋರಿತು, ಆದರೆ ಜೋರಾಗಿ ಓದಿದಾಗ ನಾಲಗೆ ತಡವರಿಸುತ್ತದೆ.

ಇನ್ನೂ ಒಂದು ತೊಡಕು. ಹಾಯಿ ಏರಿಸುವ ಹಗ್ಗ ಕಂಬದ ತುದಿಯ ರಾಟೆಯ ಮೇಲೆ ಒಂದೇ ಕಡೆ ಕೂರದಂತೆ ಅದನ್ನು ಆಗಾಗ ಸ್ವಲ್ಪ ಸಡಿಲಿಸಿಯೋ ಎಳೆದೋ ಕಟ್ಟುತ್ತಾರೆ. ಹಾಗೆ ಭಾರ ಹಗ್ಗದ ಬೇರೊಂದು ಭಾಗಕ್ಕೆ ಬೀಳುತ್ತದೆ. ಸದ್ಯಕ್ಕೆ ‘ಹಗ್ಗದ ಮಗ್ಗುಲು ಬದಲಿಸು’ ಎಂದು ಬರೆದಿದ್ದೇನೆ. ಓದಿದ ಕೂಡಲೇ ಹಗ್ಗವನ್ನು ತಿರುಚಬೇಕೆಂಬ ಅರ್ಥ ಬರುತ್ತದೆಯೇ, ಸರಿಸಬೇಕೆಂದೇ ಹೊಳೆಯುತ್ತದೆಯೇ? ಕಡಲಲ್ಲಿ ದುಡಿಯುವವರ ಬಾಯಲ್ಲಿ ಈ ಕೆಲಸಕ್ಕೆ, ಅಥವಾ ಆ ತೇಯ್ಗೆಗೇ, ಬೇರೆ ಮಾತನ್ನು ನೀವು ಕೇಳಿದ್ದರೆ ದಯವಿಟ್ಟು ಪೂರ್ತಿ ವಾಕ್ಯದ ಸಮೇತ ತಿಳಿಸಿ. ನನ್ನ ಪದವನ್ನು ಸಂತೋಷದಿಂದ ಕೈಬಿಡುತ್ತೇನೆ.