ದತ್ತು ಸಿಗುವವರೆಗೆ ಫಾಸ್ಟರ್ ಕೇರ್ ಮೂಲಕ ಮಗುವನ್ನು ಕರೆತರಬಹುದೇ?

ಪ್ರಶ್ನೆ (ವಿಜಯನಗರ ನಿವಾಸಿ)

ನನಗೆ 48 ವರ್ಷ, ನನ್ನ ಪತ್ನಿಗೆ 45. ಇಬ್ಬರೂ ಖಾಸಗಿ ಕೆಲಸದಲ್ಲಿದ್ದೇವೆ, ಬಾಡಿಗೆ ಮನೆಯಲ್ಲಿ ವಾಸವಾಗಿದ್ದೇವೆ, ಮಕ್ಕಳಿಲ್ಲ. ಪುಟ್ಟ ಮಗುವನ್ನು ದತ್ತು ಪಡೆಯಲು ಹಲವು ವರ್ಷ ಕಾಯಬೇಕೆಂದು ಕೇಳಿ, ಅಲ್ಲಿಯವರೆಗೆ ಫಾಸ್ಟರ್ ಕೇರ್ (ತಾತ್ಕಾಲಿಕ ಪೋಷಕತ್ವ) ಅಡಿಯಲ್ಲಿ ಒಂದು ಮಗುವನ್ನು ಕರೆತಂದು ಮುಂದೆ ಅದನ್ನೇ ದತ್ತು ಮಾಡಿಕೊಳ್ಳಿ ಎಂದು ಬಂಧುಗಳೊಬ್ಬರು ಸಲಹೆ ನೀಡಿದ್ದಾರೆ. ಇದು ಸಾಧ್ಯವೇ? ಸ್ವಂತ ಮನೆ ಇರಲೇಬೇಕೇ? ಸರ್ಕಾರದ ನೆರವು ಏನಾದರೂ ಇದೆಯೇ?

ಉತ್ತರ 1 (ಮಕ್ಕಳ ರಕ್ಷಣಾ ಕ್ಷೇತ್ರದಲ್ಲಿ ಕೆಲಸ ಮಾಡಿದವರು)

ಸರ್, ಮೊದಲು ವಯಸ್ಸಿನ ಲೆಕ್ಕ ನೋಡೋಣ. 2022ರ ದತ್ತು ನಿಯಮಾವಳಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85ನ್ನು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90ನ್ನು, ನಾಲ್ಕರಿಂದ ಎಂಟು ವರ್ಷದ ಮಗುವಿಗೆ 100ನ್ನು ಮೀರುವಂತಿಲ್ಲ. ನಿಮ್ಮದು 93 ಆಗುವುದರಿಂದ ನಾಲ್ಕು ವರ್ಷ ದಾಟಿದ ಮಗುವಿಗೆ ಮಾತ್ರ ನೀವು ಅರ್ಹರು. ಅಂದರೆ ಪುಟ್ಟ ಮಗುವಿಗಾಗಿ ಕಾಯುವ ಪ್ರಶ್ನೆಯೇ ನಿಮಗೆ ಬರುವುದಿಲ್ಲ.

ಎರಡನೆಯದಾಗಿ, ಪೋಷಕತ್ವವನ್ನು ದತ್ತಿಗೆ ಹೋಗುವ ಒಳದಾರಿಯೆಂದು ಭಾವಿಸುವುದು ಮಗುವಿಗೂ ನಿಮಗೂ ಒಳ್ಳೆಯದಲ್ಲ. ದತ್ತು ಪಡೆದ ಮಗು ಕಾನೂನಿನ ಪ್ರಕಾರ ನಿಮ್ಮದೇ ಮಗುವಾಗುತ್ತದೆ, ಆಸ್ತಿಯ ಹಕ್ಕೂ ಬರುತ್ತದೆ. ಪೋಷಕತ್ವದಲ್ಲಿ ಹಾಗಲ್ಲ: ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಮಗು ನಿಮ್ಮಲ್ಲಿರುತ್ತದೆ, ಹೆತ್ತವರು ಬದುಕಿದ್ದರೆ ಅವರೊಡನೆ ಅದರ ಸಂಬಂಧ ಉಳಿದಿರುತ್ತದೆ, ಮನೆಯ ಪರಿಸ್ಥಿತಿ ಸುಧಾರಿಸಿದರೆ ಮಗು ಅಲ್ಲಿಗೇ ಹಿಂತಿರುಗಬೇಕು. 2024ರ ಮಾದರಿ ಪೋಷಕತ್ವ ಮಾರ್ಗಸೂಚಿಯು ಹಿಂದಿದ್ದ ಐದು ವರ್ಷದ ಅವಧಿಯನ್ನು ಎರಡಕ್ಕೆ ಇಳಿಸಿ, ಆ ಬಳಿಕ ಅದೇ ಕುಟುಂಬಕ್ಕೆ ದತ್ತು ನೀಡಲು ಅವಕಾಶ ಕೊಟ್ಟಿದೆ, ನಿಜ. ಆದರೆ ಮಗುವನ್ನು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಸಮಿತಿ ಘೋಷಿಸಿರಬೇಕು. ಈ ಮಾರ್ಗಸೂಚಿ ಮುಖ್ಯವಾಗಿ ಆರು ವರ್ಷ ದಾಟಿದ ಮಕ್ಕಳಿಗೆ ಸಂಬಂಧಿಸಿದ್ದು, ಆರರಿಂದ ಹನ್ನೆರಡರ ಮಗುವಿಗೆ ದಂಪತಿಯ ಒಟ್ಟು ವಯಸ್ಸು 70ರಿಂದ 110ರೊಳಗೆ ಇರಬೇಕು. ವಯಸ್ಸಿನ ಮಟ್ಟಿಗೆ ನೀವು ಇದಕ್ಕೂ ಅರ್ಹರೇ.

ಸ್ವಂತ ಮನೆಯ ಷರತ್ತು ಎಲ್ಲಿಯೂ ಇಲ್ಲ. ಮನೆಗೆ ಬರುವ ಸಮಾಜ ಕಾರ್ಯಕರ್ತರು ಆದಾಯ, ಆರೋಗ್ಯ, ಮನೆಯವರ ಮನೋಭಾವ, ಮಗುವಿಗೆ ಸಿಗುವ ಜಾಗ ಇವನ್ನೆಲ್ಲ ನೋಡಿ ಗೃಹ ಅಧ್ಯಯನ ವರದಿ ಬರೆಯುತ್ತಾರೆ.

ಉತ್ತರ 2 (ಒಬ್ಬ ಪೋಷಕ ತಾಯಿ, ರಾಜಾಜಿನಗರ)

ನೆರವಿನ ಬಗ್ಗೆ ಕೇಳಿದ್ದೀರಿ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪೋಷಕತ್ವದಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಬೆಂಗಳೂರಿನ ಶಾಲಾ ಶುಲ್ಕ ಬಲ್ಲವರಿಗೆ ಇದು ಎಷ್ಟರ ಮಟ್ಟಿಗೆ ಸಾಲುತ್ತದೆಂದು ಹೇಳಬೇಕಾಗಿಲ್ಲ. ಇದು ಮಗುವಿನ ಖರ್ಚಿಗೆ ಕೊಡುವ ಹಣವೇ ಹೊರತು ಪೋಷಕರ ಸಂಭಾವನೆಯಲ್ಲ. ಇದು ಬಾರದಿದ್ದರೂ ಸಂಸಾರ ತೂಗಿಸಬಲ್ಲೆವೆಂಬ ಧೈರ್ಯವಿದ್ದರಷ್ಟೇ ಮುಂದುವರಿಯಿರಿ. ದತ್ತು ಪಡೆದವರಿಗೆ ಈ ಮಾಸಿಕ ನೆರವು ಇರುವುದಿಲ್ಲ.

ಮೊದಲ ಉತ್ತರದಲ್ಲಿ ಪೋಷಕತ್ವ ತೀರಾ ಅನಿಶ್ಚಿತವೆಂಬಂತೆ ಕಾಣುತ್ತದೆ. ಆ ಅಭಿಪ್ರಾಯವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಯಸ್ಸು ಏರಿದ ಮಕ್ಕಳನ್ನು ಕೇಳುವವರೇ ಕಡಿಮೆ, ಅವರು ಹದಿನೆಂಟು ತುಂಬುವವರೆಗೂ ಸಂಸ್ಥೆಗಳಲ್ಲೇ ಉಳಿಯುತ್ತಾರೆ. ಅಂಥ ಮಗುವಿಗೆ ಕೆಲವು ವರ್ಷಗಳ ಮನೆಯ ವಾತಾವರಣವೂ ದೊಡ್ಡದೇ. ಆದರೆ ಮಗು ತನ್ನ ತಾಯಿಯ ಮಾತೆತ್ತಿದಾಗ ನಿಮಗೆ ಕಸಿವಿಸಿಯಾಗುವುದಾದರೆ, ಈ ಜವಾಬ್ದಾರಿಗೆ ಕೈ ಹಾಕದಿರುವುದೇ ಲೇಸು.

ಉತ್ತರ 3 (ವಕೀಲರು)

ಹಿಂದಿನ ಇಬ್ಬರೂ ಹೇಳದ ಒಂದು ವಿಷಯವಿದೆ. ಕಾಯಲು ಮನಸ್ಸಿಲ್ಲದವರಿಗೆ ‘ನೇರವಾಗಿ ಮಗು ಕೊಡಿಸುತ್ತೇವೆ’ ಎನ್ನುವ ಮಧ್ಯವರ್ತಿಗಳು ಎದುರಾಗುತ್ತಾರೆ. ಅನಾಥ ಅಥವಾ ಪರಿತ್ಯಕ್ತ ಮಗುವನ್ನು ಕಾನೂನಿನ ವಿಧಾನ ಬಿಟ್ಟು ಪಡೆದರೆ ಬಾಲನ್ಯಾಯ ಕಾಯ್ದೆಯ 80ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು; ಹಣ ಕೈಬದಲಾಗಿದ್ದರೆ ಅದು ಮಗುವಿನ ಮಾರಾಟವೆನಿಸಿ ಶಿಕ್ಷೆ ಇನ್ನೂ ಕಠಿಣವಾಗುತ್ತದೆ. ನೋಂದಣಿಯನ್ನು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು, ತೊಡಕಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಸಹಾಯ ಮಾಡುತ್ತದೆ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಜಿಲ್ಲಾಧಿಕಾರಿಗೆ ವರ್ಗಾವಣೆಯಾಗಿದೆ. ಆದೇಶದೊಡನೆ ಎಲ್ಲ ಮುಗಿಯುವುದಿಲ್ಲ. ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಮಗುವಿನ ಕ್ಷೇಮದ ವರದಿ ಸಲ್ಲಿಕೆಯಾಗುತ್ತದೆ.

ನೋಂದಣಿಗೆ ಕೂರುವ ಮುನ್ನ ವಿವಾಹ ನೋಂದಣಿ ಪತ್ರ, ಆಧಾರ್, ಪ್ಯಾನ್ ಮೂರರಲ್ಲೂ ನಿಮ್ಮಿಬ್ಬರ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ಮೊದಲೇ ತಿದ್ದಿಸಿಕೊಂಡರೆ ಮುಂದಿನ ಓಡಾಟ ತಪ್ಪುತ್ತದೆ.